ಗೋವಿಂದಯ್ಯನವರ ಕಿರುಬೆರಳು

ನಮ್ಮ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಇದು ಮನೆಮನೆಯ ಗೋಳು. ರೇಷ್ಮೆ ಎಳೆ ಹಿಡಿದು ಹಿಡಿದು ಹೆಬ್ಬೆಟ್ಟಿನ ಗೆರೆ ಸವೆದಿರುತ್ತದೆ. ರೇಷನ್ ಅಂಗಡಿಯ ಮಿಷನ್ನು ಗುರುತೇ ಹಿಡಿಯುವುದಿಲ್ಲ.

ಪಕ್ಕದ ಮನೆಯ ಗೋವಿಂದಯ್ಯನವರಿಗೂ ಹಾಗೇ ಆಗಿತ್ತು. ಅಷ್ಟರಲ್ಲಿ ಬೈಕಿನಲ್ಲಿ ಒಬ್ಬ ಬಂದ. “ಬೆರಳಿನ ತೊಂದ್ರೆ ಸರಿ ಮಾಡ್ಕೊಡ್ತೀವಿ” ಅಂದ. ಮೆತ್ತನೆಯ ಮೇಣದ ಮೇಲೆ ಬೆರಳು ಒತ್ತಿಸಿಕೊಂಡ. ಆಧಾರ್ ನಂಬರು, ಬ್ಯಾಂಕಿನ ಹೆಸರು ಕೇಳಿಕೊಂಡು ಹೋದ.

ಸಂಜೆ ಯಳಂದೂರಿನಿಂದ ಸ್ಪಂದನ ಬಂದಳು. ಗೋವಿಂದಯ್ಯನವರ ಹೆಂಡತಿ ವಸಂತಮ್ಮನ ತಮ್ಮನ ಮಗಳು. ಫೋನು, ಬ್ಯಾಂಕುಗಳಿಗೆ ಕಳ್ಳರು ನುಗ್ಗದಂತೆ ದಾರಿ ಹುಡುಕುವ ಸಂಶೋಧನೆ ಅವಳ ಕೆಲಸ. ವಿಷಯ ಕೇಳಿದವಳೇ ಕಾಫಿ ಲೋಟ ಕೆಳಗಿಟ್ಟಳು.

“ಯಾವ ಬೆರಳು ಕೊಟ್ರಿ ಮಾವ?”

ಗೋವಿಂದಯ್ಯನವರು ನಕ್ಕರು. “ನನ್ ಎಬ್ಬೆಟ್ಟು ರೇಷನ್ ಅಂಗ್ಡಿಗೇ ಬ್ಯಾಡ ಕಣವ್ವ. ಕಳ್ಳ ತಕಂಡೋಗಿ ಏನ್ ಮಾಡಾನು?”

“ಹೆಬ್ಬೆಟ್ಟು ಒಂದೇನಾ?”

“ಅದು ಸರ್ಯಾಗಿ ಬರ್ನಿಲ್ಲ ಅಂತ ಕಿರುಬೆರಳೂ ಒತ್ತುಸ್ಕಂಡ.”

“ಅಯ್ಯೋ! ಕಿರುಬೆರಳಿಗೆ ಎಳೆ ತಾಕಲ್ಲ, ಅದು ಸವೆದೇ ಇಲ್ಲ. ಆ ಅಚ್ಚಿಗೆ ಅಂಟು ಸುರಿದು ನಿಮ್ದೇ ಬೆರಳು ಮಾಡ್ತಾರೆ. ಆ ಬೆರಳು, ನಿಮ್ ಆಧಾರ್ ನಂಬರು ಇದ್ರೆ ಸಾಕು, ಎಲ್ಲೋ ಕೂತು ನಿಮ್ ಖಾತೆ ದುಡ್ಡು ತೆಗೀತಾರೆ.”

ವಸಂತಮ್ಮ ಒಳಗೆ ಓಡಿ ಪಾಸ್‌ಬುಕ್ ತಂದರು. ಅವರ ಕಣ್ಣಿನ ಆಪರೇಷನ್ನಿಗೆ ಕೂಡಿಟ್ಟದ್ದೆಲ್ಲ ಆ ಖಾತೆಯಲ್ಲೇ ಇತ್ತು.

“ಅಂಟಿನ ಬೆರಳು ಅಂತ ಮಿಷನ್ನಿಗೆ ಗೊತ್ತಾಗಾಕಿಲ್ವಾ?” ಗೋವಿಂದಯ್ಯನವರು ಇನ್ನೂ ಬಿಡಲಿಲ್ಲ.

“ಸುಳ್ಳು ರೇಷ್ಮೆ ನಿಮಗೆ ಹೆಂಗೆ ಗೊತ್ತಾಗ್ತದೆ ಮಾವ?”

“ಮುಟ್ಟುದ್ರೇ ಗೊತ್ತಾಯ್ತದೆ. ಚಿಕ್ಕೋನಾಗಿಂದ ಎಷ್ಟ್ ಮುಟ್ಟಿವ್ನಿ!”

“ನಾವೂ ಮಿಷನ್ನಿಗೆ ಹಂಗೇ ಕಲಿಸ್ತಿದೀವಿ. ನಿಜವಾದ ಬೆರಳು, ಅಂಟಿನ ಬೆರಳು, ಎರಡರ ಚಿತ್ರಾನೂ ರಾಶಿ ರಾಶಿ ತೋರಿಸ್ತೀವಿ. ನೋಡ್ತಾ ನೋಡ್ತಾ ಅದೇ ಕಲೀತದೆ. ಆದ್ರೆ ಎಲ್ಲಾ ಮಿಷನ್ನೂ ಇನ್ನೂ ಅಷ್ಟು ಕಲ್ತಿಲ್ಲ. ಪಾಸ್‌ವರ್ಡ್ ಕಳುವಾದ್ರೆ ಬೇರೆ ಇಡಬೋದು. ಬೆರಳು ಬೇರೆ ಎಲ್ಲಿಂದ ತರೋದು?”

“ಸುಳ್ಳು ರೇಷ್ಮೆ ಗೊತ್ತಾಯ್ತದಂತೆ,” ವಸಂತಮ್ಮ ಕಣ್ಣೊರೆಸಿಕೊಂಡರು. “ಸುಳ್ಳು ಮನ್ಸ ಮಾತ್ರ ಗೊತ್ತಾಗ್ನಿಲ್ಲ ಇವ್ರಿಗೆ!”

ಗೋವಿಂದಯ್ಯನವರು ಫೋನ್ ಮುಂದೆ ಚಾಚಿದರು. ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕುವುದನ್ನು ಸ್ಪಂದನ ತೋರಿಸಿದಳು. ಒಟಿಪಿ ಬಂತು.

“ನಂಗೂ ಹೇಳ್ಬೇಡಿ ಮಾವ. ನೀವೇ ಒತ್ತಿ.”

“ರೇಷನ್ ತರಾ ದಿನ ಏನ್ ಮಾಡ್ಲಿ?”

“ಆಗ ನೀವೇ ಬೀಗ ತೆಗ್ದು, ಅಂಗಡೀಲಿ ಕಿರುಬೆರಳು ಒತ್ತಿ. ಸ್ವಲ್ಪ ಹೊತ್ತಿಗೆ ಅದೇ ಮತ್ತೆ ಬೀಳ್ತದೆ.”

ಬೆಳಿಗ್ಗೆ ಆ್ಯಪ್ ತೆರೆದರೆ, ಯಾರೋ ಅವರ ಬೆರಳಚ್ಚು ಒತ್ತಿ ನೋಡಿದ್ದು ಕಂಡಿತು. ಬೀಗ ಬಿದ್ದಿತ್ತು, ಕೆಲಸ ನಡೆದಿರಲಿಲ್ಲ. ಬ್ಯಾಂಕಿಗೆ ಹೋಗಿ ವಿಚಾರಿಸಿದರು. ದುಡ್ಡು ಹಾಗೇ ಇತ್ತು! ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರು.

ಈಗ ವಸಂತಮ್ಮ ಕಣ್ಣು ಮಾಡಿಸಿಕೊಂಡು ಬಂದಿದ್ದಾರೆ. ಮೊನ್ನೆ ಜಗಲಿ ಮೇಲೆ ಕೂತು ಗಂಡ ನೇಯ್ದ ಸೀರೆಯ ಅಂಚು ನೋಡಿ, “ಇಲ್ಲೊಂದ್ ಎಳೆ ಬುಟ್ಟಿದ್ದೀರಿ” ಅಂದರು. ಗೋವಿಂದಯ್ಯನವರಿಗೆ ಎಂಥ ಖುಷಿ!

ಅಕ್ಕಂದಿರೇ, ಅಣ್ಣಂದಿರೇ, ಮನೆ ಬಾಗಿಲಿಗೆ ಬಂದವರಿಗೆ ಬೆರಳು ಕೊಡಬೇಡಿ. ಮೇಣಕ್ಕಂತೂ ಒತ್ತಲೇಬೇಡಿ. ಒಟಿಪಿ ಯಾರಿಗೂ ಹೇಳಬೇಡಿ. ಬೆರಳಚ್ಚಿಗೆ ಇವತ್ತೇ ಬೀಗ ಹಾಕಿ. ಗೊತ್ತಾಗದಿದ್ದರೆ ಆಧಾರ್ ಕೇಂದ್ರದಲ್ಲಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಗೋವಿಂದಯ್ಯನವರೂ ಕೇಳಿಯೇ ಕಲಿತರು.