ಓಣಿ ಕಡೆಯ ಬಾಗಿಲು

"ಕೈ ಯಾಕೆ ನಿಂತಿತು? ಕಲಸೇ, ಮುಂಡೆ! ಬಾಗಿಲು ಮುಚ್ಚೋಕೆ ನಿನ್ನ ಅಪ್ಪಣೆ ಕೇಳ್ಬೇಕಾ?"

ಸೂಪರ್‌ವೈಸರ್ ಕಿರುಚಿದ. ತೊಲೆಯಕ್ಕ ಸನಿಕೆಯನ್ನು ಸಿಮೆಂಟಿನ ಗುಡ್ಡೆಯಲ್ಲಿ ನೆಟ್ಟು ಹಾಗೇ ನಿಂತಿದ್ದಳು. ಎದುರಿಗೆ ಹೊಸ ಶಾಲೆಯ ಹಿಂಗೋಡೆ. ಗೋಡೆಯ ಆಚೆ ಶೌಚಾಲಯ, ಈಚೆ ಅವಳ ಓಣಿ. ನಡುವೆ ಇದ್ದ ಬಾಗಿಲನ್ನು ಬೆಳಿಗ್ಗೆಯೇ ಚೌಕಟ್ಟು ಸಮೇತ ಕಿತ್ತು ಲಾರಿಗೆ ಹಾಕಿದ್ದರು. ಆ ಜಾಗದಲ್ಲಿ ಮೇಸ್ತ್ರಿ ಮೊಣಕಾಲೆತ್ತರಕ್ಕೆ ಇಟ್ಟಿಗೆ ಏರಿಸಿದ್ದ.

"ಸಾರ್, ಇದು ನಮ್ಮ ಬಾಗಿಲು."

"ನಿಮ್ಮದಾ? ನಿಮ್ಮಪ್ಪ ಮಾಡಿಸಿಟ್ಟಿದ್ನಾ?"

"ಪ್ಲಾನ್ ಮೇಡಂ ಹೇಳಿದ್ರು..."

"ಹಾಗಾದ್ರೆ ಕೂಲೀನೂ ಅವಳ ಹತ್ರಾನೇ ಹೋಗಿ ಇಸ್ಕೋ. ಎದುರಿನ ಅಪಾರ್ಟ್‌ಮೆಂಟಿನವರು ಅರ್ಜಿ ಕೊಟ್ಟಿದ್ದಾರೆ. ಓಣಿ ಹೆಂಗಸ್ರು ಹೋಗಿ ಬರೋ ಜಾಗದಲ್ಲಿ ಅವರ ಮಕ್ಕಳು ಓದಲ್ವಂತೆ. ವಾಸನೆ ಬರುತ್ತಂತೆ. ಮೇಲಿಂದ ಆರ್ಡರ್ ಆಗಿದೆ. ನೀನ್ಯಾವಳೇ ಕೇಳೋಕೆ? ಎತ್ತು ಬಾಂಡ್ಲಿ!"

ಮೇಸ್ತ್ರಿ ತಲೆ ಎತ್ತಲಿಲ್ಲ. ಅವನೂ ಅದೇ ಓಣಿಯವನು. ಕರಣೆಯ ಹಿಡಿಯಿಂದ ಇಟ್ಟಿಗೆಯನ್ನು ತಟ್ಟುತ್ತ, "ಕೊಟ್ಬಿಡಕ್ಕ. ನಾವು ಕಟ್ಟದಿದ್ರೆ ಇನ್ನೊಬ್ರು ಬಂದು ಕಟ್ತಾರೆ. ಇವತ್ತು ಒಲೆನಾದ್ರೂ ಉರೀಲಿ" ಎಂದ.

ತೊಲೆಯಕ್ಕ ಬಾಂಡ್ಲಿ ಎತ್ತಿಕೊಟ್ಟಳು. ಸಂಜೆಯ ಹೊತ್ತಿಗೆ ಗೋಡೆ ಅವಳ ತಲೆ ದಾಟಿತು. ಅವಳ ತಲೆ ದಾಟುವುದೆಂದರೆ ಸಣ್ಣ ಮಾತಲ್ಲ. ಗಂಡಸರನ್ನೂ ಮೇಲಿಂದ ನೋಡುವಷ್ಟು ಎತ್ತರದ ಹೆಂಗಸು. ಹಿಂದೊಮ್ಮೆ ಬೇರೊಂದು ಕಟ್ಟಡದಲ್ಲಿ ತಾರಸಿಗೆ ಆನಿಸಿದ್ದ ಸೆಂಟ್ರಿಂಗ್ ಕುಸಿದಾಗ, ಕೆಳಗಿದ್ದವರು ಹೊರಗೆ ಓಡುವ ತನಕ ಹೆಗಲು ಕೊಟ್ಟು ನಿಂತಿದ್ದಳು. ಅಂದಿನಿಂದ ಅವಳು ಓಣಿಗೆಲ್ಲ ತೊಲೆಯಕ್ಕ.

ಶಾಲೆ ಎದ್ದಿರುವ ಜಾಗ ಮೊದಲು ಬಯಲಾಗಿತ್ತು. ಮಕ್ಕಳು ಅಲ್ಲಿ ಚೆಂಡಾಡುತ್ತಿದ್ದರು. ಹೆಂಗಸರು ನಸುಕಿನಲ್ಲೂ ಮುಸ್ಸಂಜೆಯಲ್ಲೂ ಚೊಂಬು ಹಿಡಿದು ಅಲ್ಲಿನ ಪೊದೆಗಳ ಹಿಂದೆ ಹೋಗುತ್ತಿದ್ದರು. ಓಣಿಯ ಮನೆಗಳೆಂದರೆ ಒಂದೊಂದು ಕೋಣೆ. ಅದರೊಳಗೇ ಒಲೆ, ಹಾಸಿಗೆ, ನೀರಿನ ಡ್ರಮ್ಮು. ಕಕ್ಕಸಿಗೆ ಜಾಗ ಎಲ್ಲಿಂದ ತರಬೇಕು?

ಬಯಲಿನಲ್ಲಿ ಶಾಲೆ ಬರುತ್ತದೆ ಎಂದಾಗ ಓಣಿ ಮೊದಲು ತಿರುಗಿಬಿದ್ದಿತ್ತು. ಆಗ ಬಂದವಳು ನಕ್ಷೆ ಬರೆಯುವ ಹೆಣ್ಣುಮಗಳು, ಓಣಿಯವರ ಬಾಯಲ್ಲಿ ಪ್ಲಾನ್ ಮೇಡಂ. ಗಿಡ್ಡ ಕೂದಲು, ಬಟ್ಟೆಯ ಶೂ. ತೊಲೆಯಕ್ಕನ ಬಾಗಿಲಲ್ಲಿ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು, ರಟ್ಟಿನಲ್ಲಿ ಮಾಡಿದ ಪುಟ್ಟ ಶಾಲೆಯೊಂದನ್ನು ಹೆಂಗಸರ ನಡುವೆ ಇಟ್ಟಳು. ಕೋಣೆಗಳೆಲ್ಲ ಬಿಡಿಬಿಡಿ. ಎತ್ತಿ ಎಲ್ಲಿ ಬೇಕಾದರೂ ಇಡಬಹುದಾಗಿತ್ತು.

"ಶಾಲೆ ಬಿಟ್ಟ ಮೇಲೆ ಕಟ್ಟಡ ಬೀಗ ಹಾಕ್ಕೊಂಡು ಮಲಗಬಾರದು. ಅದು ನಿಮಗೋಸ್ಕರಾನೂ ದುಡೀಬೇಕು. ಏನು ಬೇಕು ಹೇಳಿ. ಎಲ್ಲಿ ಬೇಕು ಅಂತ ನೀವೇ ಇಡಿ" ಎಂದಳು.

ಹಾಗೆ ಯಾರೂ ಯಾವತ್ತೂ ಅವರನ್ನು ಕೇಳಿದ್ದಿಲ್ಲ. ಕೊನೆಗೆ ಮೀನು ಮಾರುವವಳು ನಾಚಿಕೆ ಬಿಟ್ಟು ಬಾಯಿ ತೆಗೆದಳು. "ನಮ್ಗೆ ಕಕ್ಕಸು ಬೇಕು ತಾಯಿ. ಮಿಕ್ಕಿದ್ದು ಏನಾದ್ರೂ ಕಟ್ಕೋ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಮೇಡಮ್ಮೂ ನಕ್ಕಳು. ನಗು ಹರಿದ ಮೇಲೆ ಮಾತೂ ಹರಿಯಿತು. ಸಂಜೆ ಮಕ್ಕಳು ಓದುವುದಕ್ಕೆ ದೀಪವಿರುವ ಒಂದು ಕೋಣೆ ಬೇಕೆಂದರು. ನಲ್ಲಿ ಬೇಕೆಂದರು. ಮದುವೆ ಸಾವು ಅಂತ ಜನ ಸೇರಿದಾಗ ಕೂರಲಿಕ್ಕೆ ಹಜಾರ ಬೇಕೆಂದರು. ತೊಲೆಯಕ್ಕ ರಟ್ಟಿನ ಕಕ್ಕಸನ್ನು ಎತ್ತಿ ಹಿಂಗೋಡೆಗೆ ತಾಗಿಸಿಟ್ಟು, "ಮಕ್ಕಳಿಗೆ ಒಳಗಿನ ಬಾಗಿಲು. ನಮ್ಗೆ ಈ ಕಡೆ ಒಂದು ಬಾಗಿಲಿರ್ಲಿ" ಎಂದಳು. ಮೇಡಂ ಅಲ್ಲೇ ಬ್ಲೇಡು ತೆಗೆದು ರಟ್ಟಿನಲ್ಲಿ ಬಾಗಿಲು ಕೊರೆದಳು.

ಓಣಿ ಬಯಲನ್ನು ಬಿಟ್ಟುಕೊಟ್ಟಿತು. ಪಾಯ ಅಗೆದದ್ದು, ಜಲ್ಲಿ ಹೊತ್ತದ್ದು, ಬಿಸಿಲಿನಲ್ಲಿ ತಾರಸಿಗೆ ನೀರುಣಿಸಿದ್ದು ಎಲ್ಲ ಓಣಿಯ ಹೆಂಗಸರೇ. ಕೆಲಸ ಮುಗಿಯುವ ಹೊತ್ತಿಗೆ ಬಯಲೂ ಹೋಗಿತ್ತು, ಬಾಗಿಲೂ ಹೋಯಿತು.

ಉಳಿದದ್ದು ದೊಡ್ಡ ರಸ್ತೆಯಾಚೆ ಲಾರಿಗಳು ನಿಲ್ಲುವ ಜಾಗ. ತೊಲೆಯಕ್ಕನ ಸೊಸೆ ತುಂಬು ಬಸುರಿ. ಮಗ ಬೇರೆ ಊರಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಗಳಿಗೆಗೊಮ್ಮೆ ರಸ್ತೆ ದಾಟಿ ಓಡಲಾಗದೆ ಸೊಸೆ ಹಗಲು ಹೊತ್ತು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕಾಲು ಬಾತಿತ್ತು, ಉರಿಮೂತ್ರ ಹತ್ತಿತ್ತು. ಆಸ್ಪತ್ರೆಯ ನರ್ಸು, "ನೀರು ಕುಡಿಯೋಕೂ ಸೋಮಾರಿತನಾನಾ ನಿನಗೆ?" ಎಂದು ಬೈದು ಕಳಿಸಿದ್ದಳು.

ಒಂದು ಮುಸ್ಸಂಜೆ ಅತ್ತೆ ಸೊಸೆ ಎರಡು ಲಾರಿಗಳ ನಡುವೆ ಕೂತಿದ್ದರು. ಇದ್ದಕ್ಕಿದ್ದಂತೆ ಎದುರಿನ ಲಾರಿಯ ಲೈಟು ಹತ್ತಿಕೊಂಡಿತು. ಮೇಲಿಂದ ನಗು.

"ಬಸುರೀನೂ ಬಂದಿದ್ದಾಳೆ ನೋಡೋ! ದೊಡ್ಡ ಲೈಟ್ ಹಾಕೋ!"

ಸೊಸೆ ಅರ್ಧಕ್ಕೇ ಎದ್ದಳು. ಸೀರೆ ನೆನೆದು ಕಾಲಿಗೆ ಅಂಟಿತು. ತೊಲೆಯಕ್ಕ ಕೈಗೆ ಸಿಕ್ಕ ಕಲ್ಲನ್ನು ಬೀಸಿದಳು. ಗಾಜು ಪುಡಿಯಾದ ಸದ್ದಾಯಿತು. "ಇಳಿಯೋ ಬೋಳಿಮಗನೇ! ನಿನ್ನ ಹೆತ್ತವಳೂ ಹೀಗೇ ಕೂರ್ತಾಳೆ, ಹೋಗಿ ಅವಳ ಮೇಲೆ ಬಿಡೋ ಲೈಟು!"

ಯಾರೂ ಇಳಿಯಲಿಲ್ಲ. ಸೊಸೆ ಮನೆಯೊಳಗೆ ಬಂದು ಗೋಡೆ ಕಡೆ ಮುಖ ಮಾಡಿ ಸೀರೆ ಬದಲಿಸುತ್ತ, "ಅತ್ತೆ, ನಾಳೆಯಿಂದ ನಾನು ಊಟಾನೂ ಮಾಡಲ್ಲ" ಎಂದಳು.

ಮಾರನೆಯ ದಿನ ತೊಲೆಯಕ್ಕ ನೆಟ್ಟಗೆ ಶಾಲೆಯ ಅಂಗಳಕ್ಕೆ ಹೋದಳು. ಪ್ಲಾನ್ ಮೇಡಂ ಅಲ್ಲಿ ನಿಂತು ಹೊಸ ಹುಲ್ಲುಹಾಸು ಹಾಕಿಸುತ್ತಿದ್ದಳು.

"ಬಾಗಿಲು ಎಲ್ಲಿ ಮೇಡಂ?"

ಮೇಡಂ ಕಣ್ಣು ತಪ್ಪಿಸಿದಳು. "ನಾನು ಜಗಳ ಆಡ್ದೆ ಅಕ್ಕ. ಕೇಳಲಿಲ್ಲ. ಆದ್ರೆ ನಕ್ಷೇಲಿ ಹಾಗೇ ಬಿಟ್ಟಿದ್ದೀನಿ, ಅಳಿಸಿಲ್ಲ. ಉದ್ಘಾಟನೆ ಒಂದು ಮುಗೀಲಿ, ಆಮೇಲೆ ಮಾತಾಡೋಣ."

"ನಕ್ಷೇಲಿ ಇದೆಯಾ? ಹಾಗಾದ್ರೆ ಉಚ್ಚೇನೂ ನಕ್ಷೇಲೇ ಬರ್ಕೊಂಡುಬಿಡಿ. ನಮ್ಗೆ ಬರೋದಾದ್ರೂ ನಿಲ್ಲುತ್ತೆ."

ಮೇಡಂ ಕಣ್ಣು ತುಂಬಿತು. "ನಿಜವಾಗ್ಲೂ ನನಗೆ ತುಂಬಾ ಬೇಜಾರಿದೆ."

"ಮಾಡ್ಕೊಳ್ಳಿ. ನಿಮ್ಮ ಮನೇಲಿ ಅದಕ್ಕೂ ಒಂದು ರೂಮ್ ಇರ್ಬೇಕು" ಎಂದು ತೊಲೆಯಕ್ಕ ತಿರುಗಿ ನಡೆದಳು.

ಉದ್ಘಾಟನೆಯ ಹಿಂದಿನ ದಿನ ಸೂಪರ್‌ವೈಸರ್ ಓಣಿಗೆ ಬಂದ. ಕೆಲಸಕ್ಕೆ ಬಂದಿದ್ದ ಹೆಂಗಸರೆಲ್ಲ ಒಗೆದ ಸೀರೆ ಉಟ್ಟು ಬಂದು ಹಿಂದಿನ ಕುರ್ಚಿಗಳಲ್ಲಿ ಕೂರಬೇಕು, ಚಪ್ಪಾಳೆ ಹೊಡೆಯಬೇಕು, ಬಾರದವರಿಗೆ ಮುಂದಿನ ಕಟ್ಟಡದಲ್ಲಿ ಕೆಲಸವಿಲ್ಲ ಎಂದ. ತೊಲೆಯಕ್ಕನೂ ಸೊಸೆಯೂ ಬೆಳಿಗ್ಗೆ ಬೇಗ ಬಂದು ಶೌಚಾಲಯ ತೊಳೆದು ಹಜಾರ ಗುಡಿಸಬೇಕು ಎಂದ.

ಬೆಳಿಗ್ಗೆ ತೊಲೆಯಕ್ಕ ಮಂಡಿಯೂರಿ ಬಿಳಿಯ ಟೈಲ್ಸು ಉಜ್ಜಿದಳು. ನಲ್ಲಿ ತಿರುಗಿಸಿದರೆ ನೀರು ಧೋ ಎಂದು ಬರುತ್ತಿತ್ತು. ಬಾಗಿಲಿದ್ದ ಕಡೆಯೂ ಈಗ ಟೈಲ್ಸು ಹೊಳೆಯುತ್ತಿದ್ದವು. ಹಜಾರದ ನೆಲಕ್ಕೆ ಹಸಿರು ಬಳಿದು ಬಿಳಿ ಗೆರೆ ಎಳೆದಿದ್ದರು. ಸಂಜೆ ಹೊತ್ತು ಅಪಾರ್ಟ್‌ಮೆಂಟಿನವರು ಅಲ್ಲಿ ಶಟಲ್ ಆಡುತ್ತಾರಂತೆ. ಅದನ್ನು ಗುಡಿಸಿ ಮುಗಿಸಿ ಸೊಸೆ ಸೊಂಟ ಹಿಡಿದುಕೊಂಡು ಬಂದಳು. ಮುಖ ಬೆವತಿತ್ತು.

"ಅತ್ತೆ, ತಡಿಯೋಕಾಗ್ತಿಲ್ಲ."

"ಹೋಗು. ಈಗಷ್ಟೇ ತೊಳ್ದಿದ್ದೀನಿ."

ಸೊಸೆ ಹೊಸ್ತಿಲ ಮೇಲೆ ಕಾಲಿಟ್ಟಿದ್ದಳು. ಹೆಡ್‌ಮಾಸ್ಟರು ಬಂದರು. ಇಸ್ತ್ರಿ ಕೆಡದಂತೆ ಕೈಗಳನ್ನು ದೂರ ಇಟ್ಟುಕೊಂಡು ನಡೆಯುವ ಮನುಷ್ಯ.

"ಏ! ಏ! ಎಲ್ಲಿಗೆ? ಗೆಸ್ಟ್‌ಗಳಿಗೆ ಅಂತ ಕ್ಲೀನ್ ಮಾಡ್ಸಿಟ್ಟಿರೋದು ಅದು."

"ಬಸುರಿ ಹುಡುಗಿ ಸಾರ್. ಒಂದು ನಿಮಿಷ. ಆಮೇಲೆ ನಾನೇ ಮತ್ತೆ ತೊಳೀತೀನಿ."

"ಒಬ್ಬಳನ್ನ ಬಿಟ್ರೆ ನಾಳೆ ಇಡೀ ಓಣಿ ಬಂದು ಕೂರುತ್ತೆ. ಇದು ವಿದ್ಯೆ ಕಲಿಸೋ ಜಾಗ, ನಿಮ್ಮ ಹೇಲುಗುಂಡಿ ಅಲ್ಲ. ತೊಳೆದೋರು ತೊಳೆದು ಆಚೆ ನಡೀಬೇಕು."

ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದರು. ಆಯಾಳನ್ನು ಕರೆದು ಸೊಸೆ ಕಾಲಿಟ್ಟ ಹೊಸ್ತಿಲನ್ನು ತೋರಿಸಿ, "ಇಲ್ಲಿ ಸ್ವಲ್ಪ ಫಿನಾಯಿಲ್ ಹಾಕು" ಎಂದರು. ಸೊಸೆ ತನ್ನ ಕಾಲನ್ನೇ ನೋಡಿಕೊಂಡಳು. ತೊಲೆಯಕ್ಕನ ಕೈಯಲ್ಲಿ ಪೊರಕೆ ಇತ್ತು.

ಉದ್ಘಾಟನೆ ಮಾಡುವ ದೊಡ್ಡ ಸಾಹೇಬರು ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ವೇದಿಕೆಗೆ ಶಾಮಿಯಾನ, ಅಪಾರ್ಟ್‌ಮೆಂಟಿನವರು ಕೂತ ಮುಂದಿನ ಸಾಲುಗಳಿಗೆ ಫ್ಯಾನು. ಓಣಿಯ ಹೆಂಗಸರ ಕುರ್ಚಿಗಳು ಬಯಲ ಬಿಸಿಲಿನಲ್ಲಿ. ಸೊಸೆ ತೊಡೆ ಬಿಗಿದು, ಕಣ್ಣು ಮುಚ್ಚಿ, ಅತ್ತೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಲಾರಿಗಳ ಕಡೆ ಹೋಗೋಣ ಎಂದರೆ ಅಡ್ಡಡ್ಡ ತಲೆಯಾಡಿಸಿದಳು. ಅಲ್ಲಿಗೆ ಮಾತ್ರ ಬೇಡ.

"ಇದು ಬರೀ ಶಾಲೆಯಲ್ಲ!" ಸಾಹೇಬರು ಮೈಕಿನಲ್ಲಿ ಗುಡುಗಿದರು. "ಸುತ್ತಮುತ್ತಲಿನ ಬಡಜನರ ಮನೆ! ಇಲ್ಲಿ ಎಲ್ಲರಿಗೂ ಬಾಗಿಲು ತೆರೆದಿದೆ!"

ಅವರ ಬೆನ್ನ ಹಿಂದಿನ ಪರದೆಯ ಮೇಲೆ ದೊಡ್ಡ ಫೋಟೋ ಮೂಡಿತು. ಗೋಡೆ ಕಟ್ಟುವ ಮೊದಲು ತೆಗೆದದ್ದು. ತೆರೆದ ಬಾಗಿಲು, ಅದರ ಮುಂದೆ ಒತ್ತಾಗಿ ನಿಂತು ಹಲ್ಲು ಕಿರಿದ ಓಣಿಯ ಹೆಂಗಸರು. ಮುಂದಿನ ಸಾಲುಗಳಲ್ಲಿ ಚಪ್ಪಾಳೆ. ವೇದಿಕೆಯ ಮೂಲೆಯಲ್ಲಿದ್ದ ಪ್ಲಾನ್ ಮೇಡಂ ತಲೆ ತಗ್ಗಿಸಿದಳು.

"ಅಯ್ಯೋ, ನಮ್ಮ ಮುಖಾನೇ ನೋಡ್ರೇ" ಎಂದಳು ಮೀನಿನವಳು. "ಏನು ನಗ್ತಿದ್ದೀವಿ, ಹುಚ್ಚುಮುಂಡೇರು."

ಹಿಂದಿನ ಸಾಲುಗಳಲ್ಲಿ ಯಾರೂ ನಗಲಿಲ್ಲ. ಸೂಪರ್‌ವೈಸರ್ ಹಿಂದಿನಿಂದ ಬಂದು ಹಲ್ಲು ಕಡಿದ: "ಚಪ್ಪಾಳೆ ಹೊಡೀರೇ, ಲೌಡಿಗಳಾ!"

ಸೊಸೆ ನರಳಿದಳು. ತೊಲೆಯಕ್ಕ ಎದ್ದಳು. ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

"ಎಲ್ಲಿಗೆ ಅತ್ತೆ?"

"ಬಾ."

ಕುರ್ಚಿಗಳ ನಡುವಿನ ದಾರಿಯಲ್ಲಿ ಇಬ್ಬರೂ ಮುಂದಕ್ಕೆ ನಡೆದರು. ಹೂಗುಚ್ಛ ಕೊಡಲು ಬರುತ್ತಿದ್ದಾರೆ ಎಂದುಕೊಂಡು ಸಾಹೇಬರು ಮುಗುಳ್ನಕ್ಕರು. ವೇದಿಕೆಗೂ ಮೊದಲ ಸಾಲಿಗೂ ನಡುವೆ ಹೊಸ ಹುಲ್ಲುಹಾಸು. ತೊಲೆಯಕ್ಕ ಅದರ ನಟ್ಟನಡುವೆ ನಿಂತು ಸೆರಗು ಬಿಚ್ಚಿ ಎರಡೂ ಕೈಯಗಲಕ್ಕೆ ಹಿಡಿದಳು.

"ಕೂರು ಮಗಳೇ."

ಸೊಸೆ ಅವಳ ಮುಖ ನೋಡಿದಳು. ಮೀನಿನವಳು ಆಗಲೇ ಓಡಿಬಂದಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸೆರಗಿಗೆ ಸೆರಗು ಕೂಡಿ ಸುತ್ತ ಮರೆಯಾಯಿತು. ಒಳಗೆ ಸೊಸೆ ಕೂತಳು. ಹೊರಗೆ ಹೆಂಗಸರು ಬೆನ್ನು ಒಳಕ್ಕೆ ಮಾಡಿ, ಮುಖ ಜನರ ಕಡೆಗಿಟ್ಟು, ಕಣ್ಣು ಮಿಟುಕಿಸದೆ ನಿಂತರು.

ಮೈಕು ಕಿರ್ ಎಂದಿತು. ಫ್ಯಾನಿನ ಕೆಳಗಿದ್ದವರು ಮೂಗಿಗೆ ಕರ್ಚೀಫು ಹಿಡಿದರು. ಸಾಹೇಬರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. "ಎಳೀರೋ ಅವರನ್ನ!" ಎಂದು ಹೆಡ್‌ಮಾಸ್ಟರು ಕೂಗಿದರು. ಸೂಪರ್‌ವೈಸರ್ ನುಗ್ಗಿ ಬಂದವನು ತೊಲೆಯಕ್ಕನ ಎದುರಿಗೆ ಬಂದು ನಿಂತ.

"ಕೈ ಹಾಕು" ಎಂದಳು ತೊಲೆಯಕ್ಕ, ಮೇಲಿಂದ ಅವನನ್ನು ನೋಡುತ್ತ. "ಒಂದು ಸೀರೆ ಮುಟ್ಟಿ ನೋಡು."

ಅವನು ಮುಟ್ಟಲಿಲ್ಲ.

ಪ್ಲಾನ್ ಮೇಡಂ ವೇದಿಕೆ ಇಳಿದು ಬಂದಳು. ಅಳುತ್ತಿದ್ದಳು. ಹೆಗಲ ಮೇಲಿನ ದುಪಟ್ಟಾ ಬಿಚ್ಚಿ, ಸೆರಗುಗಳ ಸಾಲಿನಲ್ಲಿ ತಾನೂ ಒಂದು ಕಡೆ ಹಿಡಿಯಲು ಹೋದಳು. ತೊಲೆಯಕ್ಕ ಮೊಣಕೈಯಿಂದ ಅವಳನ್ನು ತಡೆದಳು.

"ಮರೆಗೆ ನಮ್ಮ ಸೀರೆ ಸಾಕು. ನೀವು ಅಲ್ಲಿ ನಿಂತು ನೋಡಿ."

ಸೊಸೆ ಎದ್ದಳು. ಬೆಳಗಿನಿಂದ ಬಿಗಿದಿದ್ದ ಅವಳ ಮುಖ ಸಡಿಲವಾಗಿತ್ತು. ಅವಳು ಹೊರಗೆ ಬಂದು ತನ್ನ ಸೆರಗನ್ನು ಬಿಚ್ಚಿ ಹಿಡಿದಳು. ಮೀನಿನವಳು ಒಳಗೆ ಹೋದಳು.

ಯಾರೋ ಪೊಲೀಸರಿಗೆ ಫೋನು ಮಾಡುತ್ತಿದ್ದರು. ಅಪಾರ್ಟ್‌ಮೆಂಟಿನವರು ಮಕ್ಕಳ ಕಣ್ಣು ಮುಚ್ಚಿಕೊಂಡು ಏಳತೊಡಗಿದ್ದರು. ಆದರೆ ಅವರಿಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ಸುದ್ದಿ ಓಣಿಗೆ ಮುಟ್ಟಿತ್ತು. ಮುದುಕಿಯರು, ಕಂಕುಳಲ್ಲಿ ಕೂಸು ಇದ್ದವರು, ಹಿಟ್ಟಿನ ಕೈಯಲ್ಲೇ ಎದ್ದು ಬಂದವರು, ಮುಂದಿನ ದೊಡ್ಡ ಗೇಟಿನಿಂದ ಒಬ್ಬರ ಹಿಂದೆ ಒಬ್ಬರು ಒಳಗೆ ಬರುತ್ತಲೇ ಇದ್ದರು.