ಮುಂದಿನ ಸಾಲಿನ ಎರಡು ಚಾಪೆ

ಟವೆಲ್ಲು ಕಿಟಕಿಯಿಂದ ಹಾರಿ ಬಂದು ನನ್ನ ಪಕ್ಕದ ಸೀಟಿನ ಮೇಲೆ ಬಿತ್ತು, ಬಿಳಿ ಟವೆಲ್ಲು, ಕೆಂಪು ಅಂಚು, ಎಸೆದ ಕೈ ಅಷ್ಟೇ ಕಂಡಿತು, ಮುಖ ಕಾಣಲಿಲ್ಲ, ಆ ಕೈಯೂ ಕೆಳಗಿನ ಗದ್ದಲದೊಳಗೆ ಎಲ್ಲೋ ಹೋಯಿತು — ಘೋಡಗೇರಿ ಬಿಡಲು ಬಸ್ಸಿಗೆ ಇನ್ನೂ ಹೊತ್ತಿದೆ, ಬಾಗಿಲಲ್ಲಿ ನೂಕಾಟ, ಹಾಲಿನ ಕ್ಯಾನು ಹಿಡಿದ ಒಬ್ಬಾಕೆ ಹೇಗೋ ಹತ್ತಿ ಬಂದು ಸೀಟು ನೋಡಿದಳು, ಟವೆಲ್ಲು ನೋಡಿದಳು, ಯಾರರ ಅದಾರೇನ್ರಿ, ಹೂಂ ಅದಾರ್ರಿ ಅಂದೆ ನಾನು, ಯಾರೆಂದು ನನಗೇ ಗೊತ್ತಿಲ್ಲ, ಆದರೂ ಅದಾರ್ರಿ ಅಂದುಬಿಟ್ಟೆ, ಅವಳು ಕ್ಯಾನು ಎತ್ತಿಕೊಂಡು ಹಿಂದಕ್ಕೆ ಹೋದಳು. ನೋಡು ಭಾಗ್ಯಾ, ಅಂದುಕೊಂಡೆ ನನಗೆ ನಾನೇ, ಮಳೆಗಾಲದಿಂದ ಲ್ಯಾಪ್‌ಟಾಪಿನ ಮುಂದೆ ಕೂತು, ಬೆನ್ನು ಬಾಗಿಸಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ನೀನು ಕಟ್ಟಿದ್ದನ್ನು ಈ ಮನುಷ್ಯ ಒಂದು ಟವೆಲ್ಲಿನಲ್ಲಿ ಮುಗಿಸಿಬಿಟ್ಟ, ಓಟಿಪಿ ಇಲ್ಲ, ಪಾಸ್‌ವರ್ಡ್ ಇಲ್ಲ, ಖಚಿತವೇ ಎಂದು ಮತ್ತೊಮ್ಮೆ ಕೇಳುವ ಪೆಟ್ಟಿಗೆ ಇಲ್ಲ, ಕಂಡವರೆಲ್ಲ ಅದರ ಕಾವಲಿಗೆ ನಿಲ್ಲುತ್ತಾರೆ, ನನ್ನಂಥವಳೂ ನಿಲ್ಲುತ್ತಾಳೆ. ಈಗ ಬಂದ, ದಪ್ಪ ಮೀಸೆಯವನು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕೂತ, ನನ್ನ ಕಡೆ ನೋಡಲೂ ಇಲ್ಲ, ಅವನಿಗೆ ಸಂಶಯವೇ ಇರಲಿಲ್ಲ. ಬಸ್ಸು ಹೊರಟಿತು.

ಫೋನು ತೆಗೆಯುತ್ತೇನೆ, ತೆಗೆಯಬಾರದು ಅಂದುಕೊಂಡೇ ತೆಗೆಯುತ್ತೇನೆ, ಇವತ್ತು ಮೊದಲ ದಿನ, ಗೋಕಾಕದಲ್ಲಿ ವಿದ್ಯಾಳ ವ್ಯಾಯಾಮದ ಕ್ಲಾಸು, ಹೆಂಗಸರಿಗೆ ಮಾತ್ರ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲಿನ ಹೊತ್ತು, ಜಾಗ ಹಿಡಿಯಲು ನನ್ನ ಆ್ಯಪು — ತೆರೆದುಕೊಂಡಿತು, ಬಾಗಿಲಲ್ಲಿ ನಿಂತು ನೋಡಿದರೆ ಚಾಪೆಗಳು ಹೇಗೆ ಕಾಣುತ್ತವೆಯೋ ಹಾಗೆಯೇ ಜೋಡಿಸಿದ ವೃತ್ತಗಳು, ಒಂದು ಚಾಪೆಗೆ ಒಂದು, ಖಾಲಿಯಿದ್ದರೆ ಬಿಳಿ, ಹಿಡಿದರೆ ಹಸಿರು, ಇಷ್ಟು ಮಾಡಲು ಎಷ್ಟನ್ನು ಅಳಿಸಿದೆ ನಾನು, ತಾರೀಖಿನ ಪಟ್ಟಿ ಅಳಿಸಿದೆ, ಇಂಗ್ಲಿಷ್ ಅಳಿಸಿದೆ, ಕಡ್ಡಿಯಂಥ ಹುಡುಗಿಯ ಚಿತ್ರ ಅಳಿಸಿ ಸೀರೆಯ ಕಚ್ಚೆ ಹಾಕಿದ ಹೆಂಗಸನ್ನು ಕೂರಿಸಿದೆ. ನೋಡುತ್ತಿದ್ದಂತೆಯೇ ಹಿಂದಿನ ಸಾಲಿನದೊಂದು ಹಸಿರಾಯಿತು, ಯಾರದೋ ಒಲೆಯ ಪಕ್ಕ, ಹಿಟ್ಟು ಹತ್ತಿದ ಬೆರಳೊಂದು ಈಗಷ್ಟೇ ಮುಟ್ಟಿದೆ, ನಾನಿಲ್ಲಿ ಕಬ್ಬಿನ ಗದ್ದೆಗಳ ನಡುವೆ ಬಸ್ಸಿನಲ್ಲಿ ಕುಲುಕುತ್ತಿದ್ದೇನೆ, ಅವಳ ಮುಖ ಗೊತ್ತಿಲ್ಲ, ಅವಳು ಮುಟ್ಟಿದ್ದು ನನ್ನ ಅಂಗೈಗೆ ಬಂತು, ಇದನ್ನು ಕಟ್ಟಿದವಳು ನಾನೇ, ಹೇಗೆ ನಡೆಯುತ್ತದೆಂದು ಬಲ್ಲವಳೂ ನಾನೇ, ಆದರೂ ಜಾತ್ರೆಯಲ್ಲಿ ಬಾಯಿ ಬಿಟ್ಟ ಕೂಸಿನ ಹಾಗೆ ನೋಡುತ್ತಿದ್ದೇನೆ. ಎಲ್ಲವೂ ಹಸಿರು. ಮುಂದಿನ ಸಾಲಿನಲ್ಲಿ, ಬಾಗಿಲ ಪಕ್ಕದವೆರಡು ಮಾತ್ರ ಬಿಳಿ, ನಿನ್ನೆಯೂ ಬಿಳಿ, ಇವತ್ತೂ ಬಿಳಿ, ಬಾಗಿಲಿಗೆ ಹತ್ತಿರ, ಗೋಡೆ ಹಿಡಿಯಲು ಅನುಕೂಲ, ಎಲ್ಲಕ್ಕಿಂತ ಒಳ್ಳೆಯ ಜಾಗ ಅದು, ಅದನ್ನೇ ಯಾರೂ ಮುಟ್ಟುತ್ತಿಲ್ಲ. ಏನೋ ತಪ್ಪು ಮಾಡಿದ್ದೇನೆ, ಎಲ್ಲಿ ಅಂತ ತಿಳಿಯುತ್ತಿಲ್ಲ.

ಅದರಲ್ಲಿ ಒಂದು ಅವ್ವನದು. ಯಾರಿಗೂ ಹೇಳಿಲ್ಲ, ವಿದ್ಯಾಳಿಗೂ ಹೇಳಿಲ್ಲ, ಪರದೆಯ ಮೇಲೆ ನಾನು ಮೊದಲು ಬರೆದದ್ದು ಆ ವೃತ್ತವನ್ನೇ, ಉಳಿದವನ್ನು ಅದರ ಸುತ್ತ ಬರೆದೆ. ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದು, ಆಪರೇಶನ್ ಆಗಿ, ನಮ್ಮೂರು ನಾಗನೂರ ಬಿಡಿಸಿ ಗೋಕಾಕದ ನನ್ನ ಬಾಡಿಗೆ ಮನೆಗೆ ಕರೆತಂದ ಮೇಲೆ ಅವ್ವ ಹೊಸ್ತಿಲು ದಾಟಿಲ್ಲ, ಎಲುಬು ಕೂಡೈತಿ, ಧೈರ್ಯ ಕೂಡಿಲ್ಲ ಅಂದರು ಡಾಕ್ಟರು, ಈಗ ಕಾಲು ಆಡಿಸದಿದ್ದರೆ ಮುಂದೆ ಆಡಿಸುತ್ತೇನೆಂದರೂ ಅವು ಕೇಳುವುದಿಲ್ಲ ಅಂದರು, ಮಂಚದಿಂದ ಒಲೆಗೆ, ಒಲೆಯಿಂದ ಮಂಚಕ್ಕೆ, ಗೋಡೆ ಹಿಡಿದು, ಅಷ್ಟೇ. ಆ ಕಾಲುಗಳು — ಅಪ್ಪ ಶಿದ್ರಾಮನ ಕುರಿಗಳ ಹಿಂದೆ ಕೃಷ್ಣೆಯ ದಂಡೆಯವರೆಗೆ ಹೋಗಿ ಬಂದ ಕಾಲುಗಳು, ತಲೆಯ ಮೇಲೆ ಗಂಟು, ಬೆನ್ನಿಗೆ ತಮ್ಮ ಮಾಳು, ಸೆರಗು ಹಿಡಿದು ನಾನು, ದಿನವಿಡೀ ನಡೆದರೂ ಆಕೆ ದಣಿದದ್ದನ್ನು ನೋಡಿದ ನೆನಪಿಲ್ಲ. ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದ ಸಂಜೆ ಅವ್ವ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕಂಬಳಿ ಹಾಸುವುದು, ಹೆಗಲ ಮೇಲಿನ ಕರಿ ಕಂಬಳಿಯನ್ನು ಒಮ್ಮೆ ಝಾಡಿಸಿ ನೆಲಕ್ಕೆ ಬಿಟ್ಟರೆ ಮುಗಿಯಿತು, ಅದೇ ಮನೆ, ನಾಯಿಯೂ ಅದರ ಮೇಲೆ ಕಾಲಿಡುತ್ತಿರಲಿಲ್ಲ, ಹೊಲದ ಯಜಮಾನ ಬಂದರೂ ಅದನ್ನು ಸುತ್ತಿ ಬರುತ್ತಿದ್ದ, ತನ್ನದೇ ಹೊಲದಲ್ಲಿ ಸುತ್ತಿ ಬರುತ್ತಿದ್ದ, ನಾವಿಬ್ಬರೂ ಅದರ ಮೇಲೆ ಕೂತು ಬಿಸಿ ರೊಟ್ಟಿಗಾಗಿ ಕಾಯುತ್ತಿದ್ದೆವು. ಆ ಕಂಬಳಿ ಈಗ ಮಂಚದ ಮೇಲೆ, ಅವ್ವನ ಮೊಣಕಾಲ ಮೇಲೆ ಇರುತ್ತದೆ, ಹರಿದ ಮೂಲೆಗೆ ಕೆಂಪು ದಾರದ ಹೊಲಿಗೆ, ಆಕೆಯದೇ ಹೊಲಿಗೆ.

ಆ್ಯಪನ್ನು ಮೊದಲು ಆಕೆಗೇ ಕೊಟ್ಟೆ, ಒತ್ತು ಅವ್ವಾ, ಅಂದರೆ ರೊಟ್ಟಿ ತಟ್ಟುವವಳಂತೆ ಅಂಗೈಯನ್ನೇ ಊರಿದಳು, ಫೋನು ಗಾಬರಿಯಾಗಿ ಎಲ್ಲಿಗೋ ಹೋಯಿತು, ನಾನು ಸಿಡುಕಿದೆ, ಆಮೇಲೆ ಅಂಗೈ ಊರಿದರೂ ತಪ್ಪದಂತೆ ಇಡೀ ಪರದೆಯನ್ನು ಬದಲಿಸಿದೆ, ಸಿಟ್ಟಿಗಾದರೂ ಉಪಯೋಗವಾಯಿತು. ಮುಟ್ಟಿದ್ರ ಜಾಗಾ ನಂದಾಗತೈತೇನ, ಕೇಳಿದಳು, ಆಗತೈತಿ ಅವ್ವಾ ಅಂದೆ, ಬ್ಯಾರೆದಾಕಿ ಬಂದು ಕುಂತ್ರ ಅಂದಳು, ಆಕಿ ಫೋನಿನ್ಯಾಗ ಅದು ಹಸರ ಕಾಣತೈತಿ, ಆಕಿ ಕುಂದ್ರಂಗಿಲ್ಲ ಅಂದೆ, ಕುಂದ್ರಾಕ ಬಂದಾಕಿ ನೆಲಾ ನೋಡ್ತಾಳೋ ಫೋನ್ ನೋಡ್ತಾಳೋ, ಅಂದು ಫೋನನ್ನು ವಾಪಸ್ಸು ಕೊಟ್ಟು ಗೋಡೆಯ ಕಡೆ ಹೊರಳಿದಳು. ಒಂದು ಫೋನಿಗೆ ಒಂದೇ ಜಾಗ ಎಂದು ಮಾಡಿದೆ, ನ್ಯಾಯವಾಗಿರಲಿ ಎಂದು, ಅದಕ್ಕೂ ಅವ್ವ ನಕ್ಕಳು, ಹಂಗಾರ ಒಬ್ಬಾಕೀನ ಹೋಗಬೇಕೇನ ಅಂದಳು, ಹೂಂ ಅವರವರದು ಅವರವರಿಗೆ ಅಂದೆ. ನಿನ್ನೆ ಅತ್ತೆಯ ಮನೆಯ ಪೂಜೆಗೆಂದು ಮಧ್ಯಾಹ್ನವೇ ಘೋಡಗೇರಿಗೆ ಬಂದೆ, ಮಾಳುವನ್ನು ಅವ್ವನ ಹತ್ತಿರ ಬಿಟ್ಟು ಬಂದೆ, ರಾತ್ರಿ ಊಟದ ಹೊತ್ತಿಗೆ ಅವನಿಗೆ ಫೋನು ಮಾಡಿ ಒತ್ತಿದಳೇನೋ ಅಂತ ಕೇಳಿದೆ, ಒತ್ತಿಲ್ಲಕ್ಕಾ, ಫೋನ್ ಒಲಿ ಬಾಜೂಕ ಬಿದ್ದೈತಿ ಅಂದ, ದನಿಯಲ್ಲಿ ನಗು ಇತ್ತು, ನನಗೆ ರೇಗಿತು, ಥಂಡಿ ಐತಿ, ಕಂಬಳಿ ಹೊಚ್ಚು ಆಕಿಗೆ ಅಂದೆ, ಚಾದರ ಹೊಚ್ಚೇನಿ ಅಂದ, ಕಂಬಳಿ ಎಲ್ಲಿ ಅಂತ ಕೇಳುವಷ್ಟರಲ್ಲಿ ಅತ್ತೆ ಊಟಕ್ಕೆ ಕರೆದರು. ಅವ್ವ ಬರುವುದಿಲ್ಲ. ಊರಿನ ಹೆಂಗಸರೆಲ್ಲ ಬಂದರೂ ಅವ್ವ ಬರದಿದ್ದರೆ ನಾನು ಕಟ್ಟಿದ್ದು ಯಾರಿಗಾಗಿ, ಘಟಪ್ರಭೆಯ ಸೇತುವೆ ಬಂತು, ನೀರು ಇವತ್ತು ತುಂಬ ಇದೆ, ಮೀಸೆಯವನು ಎದ್ದು ಬಾಗಿಲ ಕಡೆ ನಡೆದ.

ಬಸ್‌ಸ್ಟ್ಯಾಂಡು, ಕರದಂಟಿನ ಅಂಗಡಿ, ಆಟೋದವರ ಕೂಗು, ಓಣಿ, ಬಟ್ಟೆಯಂಗಡಿಯ ಪಕ್ಕದ ಮೆಟ್ಟಿಲು, ಕಡಿದಾದ ಮೆಟ್ಟಿಲು, ಕ್ಲಾಸು ಮೇಲೆ, ಇದನ್ನು ನೋಡಿದ ದಿನವೇ ವಿದ್ಯಾಳಿಗೆ ಹೇಳಿದ್ದೆ, ನಮ್ಮವ್ವನಂಥವರು ಹೆಂಗ ಹತ್ತಬೇಕ್ರಿ ಅಂತ, ಕೆಳಗೆ ಜಾಗ ಸಿಗಲಿಲ್ಲ ಅಂದಳು, ಹತ್ತುತ್ತೇನೆ, ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ. ಯಾರೂ ಇಲ್ಲ — ಹಸಿರು ವೃತ್ತಗಳೆಲ್ಲ ಸುಳ್ಳು, ಮುಟ್ಟಿ ಸುಮ್ಮನಾದರು — ಆಮೇಲೆ ಕಂಡಿತು. ಚಾಪೆಗಳು ಖಾಲಿ ಇಲ್ಲ. ಒಂದರ ಮೇಲೆ ಮಡಚಿದ ಟವೆಲ್ಲು, ಒಂದರ ಮೇಲೆ ನೀರಿನ ಬಾಟಲಿ, ಒಂದರ ಮೇಲೆ ಕುಪ್ಪಸದ ಬಟ್ಟೆಯ ಕಣ, ಒಂದರ ಮೇಲೆ ಬುರ್ಖಾದ ಕರಿ ವೇಲು, ಒಂದರ ಮೇಲೆ ತೆಂಗಿನಕಾಯಿ, ದೇವರೇ, ತೆಂಗಿನಕಾಯಿ, ನಿನ್ನೆ ಸಂಜಿಕ ನೋಡಾಕ ಬಂದೋರು ಇಟ್ಟ ಹೋದ್ರು ಅಕ್ಕಾರ, ವಿದ್ಯಾ ಕಸಬರಿಗೆ ಹಿಡಿದು ಒಳಗಿನಿಂದ ಬಂದಳು, ಫೋನಿನ್ಯಾಗ ಹಿಡೀತೇವಿ ಖರೆ, ಇಲ್ಲೂ ಇರ್ಲಿ ಅಂದ್ರು, ಸಾಲಿಗೆ ಮಕ್ಕಳನ್ನ ಬಿಟ್ಟು ಬರ್ತಾರು. ನಗಬೇಕೋ ಅಳಬೇಕೋ, ನನ್ನ ಆ್ಯಪಿನ ಮೇಲೆ ಯಾರಿಗೂ ಭರವಸೆ ಇಲ್ಲ, ಇಲ್ಲ, ಇದೆ, ಎರಡು ಸಲ ಹಿಡಿದಿದ್ದಾರೆ, ಅಷ್ಟು ಬೇಕಾಗಿದೆ ಅವರಿಗೆ ಈ ಜಾಗ, ಪ್ರತಿ ಹಸಿರಿನ ಕೆಳಗೆ ಒಂದು ವಸ್ತು, ಒಂದು ಮನೆ, ನಾನು ಇಷ್ಟು ದಿನ ಬರೀ ವೃತ್ತ ನೋಡುತ್ತಿದ್ದೆ. ಮುಂದಿನ ಸಾಲು — ಬಾಗಿಲ ಪಕ್ಕ — ಕರಿ ಕಂಬಳಿ.

ಕೆಂಪು ದಾರದ ಮೂಲೆ. ಮಾಳು ತಂದು ಹಾಕಿರಬೇಕು, ಮಾಳು ತಂದನೇನು ಅಂದೆ, ನಿನ್ನೆ ನೀವು ಊರಿಗೆ ಹೋದ ಮ್ಯಾಲ ಆಟೋದಾಗ ಕರಕೊಂಡ ಬಂದಿದ್ರು, ನಾ ಮ್ಯಾಲ ಹೋಗಿ ಹಾಸಿ ಬರ್ತೇನಿ ಅಂದ್ರು ನಿಮ್ಮ ತಮ್ಮಾರು, ನಿಮ್ಮವ್ವ ಲಗಮವ್ವಾರು ಕಂಬಳಿ ಕೊಡಲಿಲ್ಲ ಅಕ್ಕಾರ, ಹಾಸೂದು ನಂದ ಕೆಲಸ ಅಂದು ಗೋಡಿ ಹಿಡದು ಒಂದೊಂದ ಮೆಟ್ಟಲಾ ಹತ್ತಿದ್ರು, ನಡುವ ಕುಂತ್ರು, ಮತ್ತ ಹತ್ತಿದ್ರು. ಅವ್ವ. ಈ ಮೆಟ್ಟಿಲನ್ನು. ಹೊಸ್ತಿಲು ದಾಟದ ಅವ್ವ. ಝಾಡಿಸಿ ಹಾಸಿದ್ರು, ನೋಡಾಕ ಬಂದೋರೆಲ್ಲ ಅದನ್ನ ನೋಡಿ ಆ ಜಾಗಾ ಬಿಟ್ಟು ಬ್ಯಾರೆ ಹಿಡದ್ರು, ಅಜ್ಜಿದು ಅದು ಅಂದ್ರು — ಹಾಗಾದರೆ ಅದಕ್ಕೇ ಬಿಳಿ, ಇಡೀ ಓಣಿಗೆ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ, ಬಸ್ಸಿನಲ್ಲಿ ತಪ್ಪು ಹುಡುಕುತ್ತಾ ಬಂದೆ. ಆದರೆ ಎರಡು, ಎರಡೂ ಬಿಳಿ, ನೋಡುತ್ತೇನೆ, ಕಂಬಳಿಯನ್ನು ಅಡ್ಡ ಹಾಸಿದ್ದಾಳೆ, ಎರಡು ಚಾಪೆಗಳನ್ನೂ ಮುಚ್ಚಿ ಹಾಸಿದ್ದಾಳೆ, ನಾನೂ ಕೇಳಿದ್ನಿ ಅಕ್ಕಾರ, ಎರಡ್ಯಾಕ್ರಿ ಅಂತ, ವಿದ್ಯಾ ಕಸಬರಿಗೆಯನ್ನು ಗೋಡೆಗೆ ಒರಗಿಸಿ ಹೇಳುತ್ತಾಳೆ, ಒಂದು ನಂದು, ಒಂದು ನನ್ನ ಮಗಳದ, ಮಂದೀಗೆಲ್ಲಾ ಜಾಗಾ ಮಾಡಿ ಮಾಡಿ ಆಕಿ ಬೆನ್ನ ಬಾಗೇತಿ, ತನಗೊಂದ ಹಿಡಕೊಂಡಿಲ್ಲ ಅಂದ್ರು. ಹಿಡಿದುಕೊಂಡಿಲ್ಲ. ಹೌದು, ನನಗಾಗಿ ಒಂದು ವೃತ್ತ, ಹೊಳೆಯಲೇ ಇಲ್ಲ, ಒಂದು ಫೋನಿಗೆ ಒಂದೇ, ಅವರವರದು ಅವರವರಿಗೆ ಅಂದವಳು ನಾನು, ಕೆಳಗೆ ಆಟೋ ನಿಂತ ಸದ್ದು, ನಿಧಾನ್ ಬಾ ಅವ್ವಾ ಎನ್ನುವ ಮಾಳುವಿನ ದನಿ, ಕೈ ಬಿಡೋ ಎನ್ನುವ ಅವ್ವನ ದನಿ, ಹೋಗಿ ಹಿಡಿಯಬೇಕು, ಕೈಯಲ್ಲಿ ಫೋನು, ಫೋನಿನಲ್ಲಿ ಎರಡು ಬಿಳಿ ವೃತ್ತ, ಮುಟ್ಟಲಾರೆ, ನೆಲದ ಮೇಲೆ ಕಂಬಳಿ, ಒಂದು ಹೆಜ್ಜೆ ಮೆಟ್ಟಿಲ ಮೇಲೆ, ಇನ್ನೊಂದು ಹೆಜ್ಜೆ, ಎರಡು ಚಾಪೆಯ ಮೇಲೆ ಕಂಬಳಿ, ಅಡ್ಡ ಹಾಸಿದ ಕರಿ ಕಂಬಳಿ —