ಎಡಗೈ ಬಿಟ್ಟುಕೊಡುವ ಪಾಠ

ತನುಜಾ ಸವಣೂರಿಗೆ ಹೊರಟು ನಿಂತಾಗ ಅವಳ ತಾಯಿ ಸುಶೀಲವ್ವ ಹೊಸ್ತಿಲಲ್ಲೇ ತಡೆದಳು.

"ಕೈ ಬ್ಯಾನಿಗೆ ಡಾಕ್ಟರ ಹಂತ್ಯಾಕ ಹೋಗ್ತಾರ. ಪಿಯಾನೋ ಹಂತ್ಯಾಕ ಯಾರ ಹೋಗ್ತಾರ?"

"ಡಾಕ್ಟರು ನೋಡ್ಯಾರಬೇ. ಬಾರಸೂದ ಬಿಡು ಅಂದ್ರು."

ಶಿಗ್ಗಾವಿಯ ಮಠದ ಭಜನೆಗೆ ತನುಜಾ ಚಿಕ್ಕವಳಿದ್ದಾಗಿನಿಂದ ಹಾರ್ಮೋನಿಯಂ ನುಡಿಸುತ್ತಿದ್ದಳು. ಬಲಗೈ ಸ್ವರದ ಪಟ್ಟಿಗಳ ಮೇಲೆ, ಎಡಗೈ ತಿದಿಯ ಮೇಲೆ. ಗಾಳಿ ಒತ್ತಿ ಒತ್ತಿ ಎಡ ಮಣಿಕಟ್ಟು ಸೋತಿತ್ತು. ಈಗ ಅವಳು ಸಂಗೀತ ಕಲಿಸುವ ಶಾಲೆಗೆ ಪಿಯಾನೋ ಬಂದಿತ್ತು. ಜೂನ್ ಹೊತ್ತಿಗೆ ಎರಡೂ ಕೈಯಿಂದ ನುಡಿಸಬೇಕು, ಇಲ್ಲವೇ ಜಾಗ ಬೇರೆಯವರಿಗೆ. ಸವಣೂರಿನ ಮುನವ್ವರಾ ಎಂಬ ಹೆಂಗಸು ನೋವಿಲ್ಲದೆ ನುಡಿಸುವ ಒಂದು ಪದ್ಧತಿ ಕಲಿಸುತ್ತಾಳೆಂದು ಯಾರೋ ಹೇಳಿದ್ದರು.

ಮುನವ್ವರಾಳ ಪಡಸಾಲೆಯಲ್ಲಿ ಹಳೆಯ ಪಿಯಾನೋ ಗೋಡೆಗೆ ಒರಗಿ ನಿಂತಿತ್ತು. ಅವಳು ಚಹಾ ಕೊಟ್ಟಳು, ತಿನ್ನಲು ಸವಣೂರಿನ ಖಾರ ಕೊಟ್ಟಳು, ಪಾಠದ ಮಾತು ಮಾತ್ರ ಎತ್ತಲಿಲ್ಲ. ತನುಜಾಳೇ ಕೇಳಬೇಕಾಯಿತು.

"ನಿಮ್ಮ ಪದ್ಧತಿ ಹೆಂಗ್ರಿ? ನೋಡಿ ಆಮ್ಯಾಲ ಸೇರೂದೋ ಬಿಡೂದೋ ಹೇಳ್ತೇನಿ."

"ಹಂಗ ಮಾಡ್ರಿ, ಚಲೋ ಆತು. ಬ್ಯಾನಿ ಇರೂ ಕೈ ಇಲ್ಲಿ ಇಡ್ರಿ. ಎತ್ತಬ್ಯಾಡ್ರಿ, ಒತ್ತಬ್ಯಾಡ್ರಿ. ಬಿಟ್ಟ ಕೊಡ್ರಿ."

"ಯಾರಿಗ್ರಿ?"

"ಅದು ನನಗೂ ತಿಳಿದಿಲ್ಲ," ಎಂದಳು ಮುನವ್ವರಾ, ಉಪ್ಪು ಮುಗಿದಿದೆ ಎನ್ನುವಷ್ಟು ಸಲೀಸಾಗಿ.

ತನುಜಾ ಮೊಣಕೈಯಿಂದ ಬಿಗಿ ಸಡಿಲಿಸಿದಳು. ಕೈಯ ಭಾರವೆಲ್ಲ ಬೆರಳ ತುದಿಗೆ ಇಳಿಯಿತು. ನೋವು ಹೋಯಿತು. ಆಮೇಲೆ ಬೆರಳುಗಳು ನಡೆಯತೊಡಗಿದವು. ಜನ್ಮದಲ್ಲಿ ಒಂದು ಸ್ವರವನ್ನೂ ಮುಟ್ಟದಿದ್ದ ಎಡಗೈ, ಮಠದ ಸಂಜೆಯ ಮಂಗಳಾರತಿಯ ಧಾಟಿಯನ್ನು ಮೊದಲಿಂದ ಕೊನೆಯವರೆಗೆ ನುಡಿಸಿತು. ಅವಳು ಬೇರೆಯವರ ಕೈ ನೋಡುವಂತೆ ನೋಡುತ್ತ ಕುಳಿತಳು.

"ನಾಳೆಯಿಂದನ ಬರ್ತೇನ್ರಿ," ಎಂದಳು. ಕಣ್ಣು ತುಂಬಿತ್ತು.

"ಈಗ ಹೂಂ ಅನ್ನಬ್ಯಾಡ್ರಿ. ಒಂದ ದಿನ ಇಟ್ಕೊಂಡು ನೋಡ್ರಿ. ಮುಂಜಾನಿ ಪೂಜಿ ಮುಗಿಸ್ಕೊಂಡು ಬಂದು ಹೇಳ್ರಿ."

ಬೆಳಿಗ್ಗೆ ತನುಜಾ ಮಿಂದು, ವಿಭೂತಿ ಧರಿಸಿ, ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈಯ ಮೇಲೆ ಇಟ್ಟುಕೊಂಡಳು. ದಿನವೂ ಅಷ್ಟು ಹೊತ್ತು ಅವಳ ಆ ಕೈಯೇ ಗುಡಿ. ಪತ್ರಿ ಏರಿಸಿ ದೃಷ್ಟಿ ನಿಲ್ಲಿಸಿದಳು. ಲಿಂಗ ಅಲುಗಿತು. ಕೆಳಗೆ ಕಿರುಬೆರಳು ಎದ್ದಿತು, ಬಿದ್ದಿತು, ಅದರ ಪಕ್ಕದ್ದು ಎದ್ದಿತು. ಅದೇ ಧಾಟಿ. ನಿಲ್ಲು ಎಂದಳು ಮನಸ್ಸಿನಲ್ಲಿ. ಮಾತು ಮಣಿಕಟ್ಟಿನವರೆಗೆ ಹೋಗಿ ಅಲ್ಲೇ ನಿಂತಿತು. ಲಿಂಗ ಅಂಗೈಯ ಅಂಚಿಗೆ ಜಾರಿದಾಗ ಬಲಗೈಯಿಂದ ಅವುಚಿ ಎದೆಗೆ ಒತ್ತಿಕೊಂಡಳು.

"ಕೈ ಯಾಕ ನಡಗಾಕತ್ತೈತಿ?" ಸುಶೀಲವ್ವ ಕೇಳಿದಳು.

"ನಡಗಾಕತ್ತಿಲ್ಲಬೇ. ಬಾರಸಾಕತ್ತೈತಿ."

ಸುಶೀಲವ್ವ ಹತ್ತಿರ ಬಂದು ಆ ಕೈ ಹಿಡಿದಳು. ಹಿಡಿದವಳು ಬಿಟ್ಟಳು.

ಸವಣೂರಿನಲ್ಲಿ ಮುನವ್ವರಾ ಬಾಗಿಲಲ್ಲೇ ಕಾದಿದ್ದಳು. ಮುಖ ನೋಡಲಿಲ್ಲ, ಕೈ ನೋಡಿದಳು.

"ಪೂಜಿ ಆತೇನ್ರಿ?"

"ಆಗಲಿಲ್ರಿ."

"ನನಗೂ ನಮಾಜಿನ್ಯಾಗ ಎದಿ ಮ್ಯಾಲಿಟ್ಟ ಕೈ ನಿಲ್ಲೂದಿಲ್ಲ. ನನಗ ಮೊದಲ ಯಾರೂ ಹೇಳಲಿಲ್ಲ. ದಿನ ದಾಟಿದ ಮ್ಯಾಲ ಕೈ ತಿರುಗಿ ಬರೂದಿಲ್ಲ, ಅದಕ್ಕ ಎಲ್ಲಾರಿಗೂ ಒಂದ ದಿನ ಕೊಡ್ತೇನಿ. ಬಾಳ ಮಂದಿ ಸೇರ್ತಾರ. ಅವರಿಗೆ ಕೈಯಿಂದ ಬ್ಯಾರೆ ಕೆಲಸ ಇರೂದಿಲ್ಲ."

"ನನಗ ಐತ್ರಿ. ಬ್ಯಾನಿ ಇದ್ದರ ಇರಲಿ, ನನ್ನ ಕೈ ನನಗ ಬೇಕು."

"ಶಾಲಿ?"

ಜಾಗ ಹೋದರೆ ಹೋಗಲಿ ಎಂಬಂತೆ ತನುಜಾ ತಲೆ ಅಲ್ಲಾಡಿಸಿದಳು.

ಮುನವ್ವರಾ ಪಿಯಾನೋ ತೆರೆದಳು. "ಇಡ್ರಿ. ಈ ಸಲ ಬಿಡಬ್ಯಾಡ್ರಿ. ಕೈ ತಿರುಗಿ ಕೊಡು ಅಂತ ಕೇಳ್ರಿ."

ತನುಜಾ ಕಣ್ಣು ಮುಚ್ಚಿ ಕೇಳಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮಣಿಕಟ್ಟಿನ ಒಳಗಿಂದ, ಊರಿಗೆ ಹೋಗಿದ್ದವರು ಮನೆಗೆ ಬಂದಂತೆ, ನೋವು ಬಂತು. ಬೆರಳು ಮಡಚು ಎಂದಳು. ಮಡಚಿದವು.

ಮುನವ್ವರಾ ಅವಳನ್ನು ಗೇಟಿನವರೆಗೆ ಕಳಿಸಲು ಬಂದಳು. ಚಪ್ಪಲಿ ಮೆಟ್ಟುವಾಗ ಒಳಗೆ ಪಿಯಾನೋ ಶುರುವಾಯಿತು. ಮಂಗಳಾರತಿಯ ಧಾಟಿ. ಪ್ರತಿ ಸಾಲಿನ ಕೊನೆಗೆ ಅದು ಒಂದು ಚಣ ತಡೆಯುತ್ತಿತ್ತು, ತನುಜಾ ತಿದಿಗೆ ಗಾಳಿ ತುಂಬಲು ತಡೆಯುವ ಜಾಗದಲ್ಲೇ. ಪಿಯಾನೋಗೆ ಗಾಳಿ ಬೇಕಿಲ್ಲ.

"ಒಳಗ ಯಾರದಾರ್ರಿ?"

"ಯಾರೂ ಇಲ್ಲ." ಮುನವ್ವರಾ ಗೇಟು ಎಳೆದುಕೊಂಡಳು. "ನಿಮ್ಮ ಕೈ ಒಂದ ದಿನ ಅದರ ಹಂತ್ಯಾಕ ಇತ್ತಲ್ಲ, ಅಷ್ಟ ಅದರೊಳಗ ಉಳಿದೈತಿ. ಬಿಸಿಲ ಏರೂದರಾಗ ಬಸ್ ಹಿಡೀರಿ."

ಶಾಲೆಗೆ ಜೂನಿನಲ್ಲಿ ಬೇರೆಯವರು ಬಂದರು. ತನುಜಾಳ ಅಂಗೈ ಮುಂಜಾನೆ ಕಲ್ಲಿನಂತೆ ನಿಲ್ಲುತ್ತದೆ, ಲಿಂಗ ಅಲುಗುವುದಿಲ್ಲ. ಸಂಜೆ ಮಠದಲ್ಲಿ ಹಲ್ಲು ಕಚ್ಚಿ ತಿದಿ ಒತ್ತುತ್ತಾಳೆ. ಸಾಲಿನ ಕೊನೆಗೆ ಗಾಳಿ ತುಂಬಲು ತಡೆದಾಗ ಮಾತ್ರ ಒಂದು ಚಣ ತಲೆ ಎತ್ತುತ್ತಾಳೆ, ಸವಣೂರಿನ ಕಡೆಯೂ ಯಾರೋ ತಡೆದಿದ್ದಾರೆ ಎಂಬಂತೆ. ಆಮೇಲೆ ಇಬ್ಬರೂ ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ.